ಒಂದು ಕ್ರಿಯಾಪದದ ಸಂಸಾರ

ಪ್ರತಿಯೊಂದು ದೊಡ್ಡ ಮನೆಯಲ್ಲಿಯೂ ಸದ್ದಿಲ್ಲದೆ ದುಡಿಯುವ ಜೀವವೊಂದು ಇದ್ದೇ ಇರುತ್ತದೆ. ಮದುವೆ ಮುಂಜಿಗಳಲ್ಲಿ ಜರತಾರಿಯ ಅಂಗವಸ್ತ್ರ ಹೊದ್ದು ಜಮಖಾನದ ಮೇಲೆ ಕುಳಿತಿರುವ ನಂಟರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಆದರೆ ನೀರಿಗೆಂದು, ಹಾಲಿಗೆಂದು, ಬಾಳೆಯ ಎಲೆಗೆಂದು ಒಳಗೂ ಹೊರಗೂ ಓಡಾಡಿ, ಹೊತ್ತಿಗೆ ಸರಿಯಾಗಿ ಪಂಕ್ತಿ ಕೂರಿಸುವವರ ಹೆಸರನ್ನು ಲಗ್ನಪತ್ರಿಕೆಯಲ್ಲಿ ಯಾರೂ ಅಚ್ಚುಹಾಕಿಸುವುದಿಲ್ಲ. ಭಾಷೆಯ ಸಂಸಾರವೂ ಹೀಗೆಯೇ. ಗಂಭೀರವಾದ ದೊಡ್ಡ ಶಬ್ದಗಳು ನಡುಮನೆಯ ನಂಟರು. ಚಿಕ್ಕಪುಟ್ಟ ಕ್ರಿಯಾಪದಗಳು ಹಿತ್ತಿಲಿನಿಂದ ಹೆಬ್ಬಾಗಿಲಿನವರೆಗೆ ದುಡಿಯುವ ಮನೆಯ ಮಕ್ಕಳು. ದೊಡ್ಡ ಶಬ್ದಕ್ಕೆ ಅರ್ಥ ತಿಳಿಯದಿದ್ದರೆ ನಾವು ನಿಘಂಟನ್ನು ತೆರೆಯುತ್ತೇವೆ. ಚಿಕ್ಕ ಶಬ್ದದ ಅರ್ಥ ನಮಗೆ ತಿಳಿದೇ ಇದೆಯೆಂದು ಭಾವಿಸಿ ಮುಂದೆ ಹೋಗುತ್ತೇವೆ. ತೊಡಕು ಉಂಟಾಗುವುದು ಅಲ್ಲಿಯೇ.

ಇಂಗ್ಲಿಷಿನಲ್ಲಿ ಅಂತಹ ಚಿಕ್ಕ ಶಬ್ದಗಳಿಗೆಲ್ಲ ಯಜಮಾನನೆನ್ನಬಹುದಾದದ್ದು ‘ರನ್’ ಎಂಬ ಕ್ರಿಯಾಪದ. ಅವರ ಲಿಪಿಯಲ್ಲಿ ಅದಕ್ಕೆ ಮೂರೇ ಅಕ್ಷರ. ನಮ್ಮ ಮಕ್ಕಳು ಇಂಗ್ಲಿಷ್ ಕಲಿಯತೊಡಗಿದ ಮೊದಲ ತಿಂಗಳಲ್ಲಿಯೇ “ರನ್ ಎಂದರೆ ಓಡು” ಎಂದು ಬಾಯಿಪಾಠ ಮಾಡಿಬಿಡುತ್ತಾರೆ. ಅಲ್ಲಿಗೆ ಆ ಶಬ್ದದ ಕಥೆ ಮುಗಿಯಿತೆಂದು ಅವರ ಭಾವನೆ. ವಾಸ್ತವದಲ್ಲಿ ಕಥೆ ಆರಂಭವಾಗುವುದೇ ಅಲ್ಲಿಂದ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 1884ರಿಂದ ಕಂತುಕಂತಾಗಿ ಪ್ರಕಟವಾಗುತ್ತ ಬಂದು 1928ರಲ್ಲಿ ಪೂರ್ಣವಾಯಿತು. ಆ ಮಹಾಗ್ರಂಥದಲ್ಲಿ ಬಹುಕಾಲ ‘ಸೆಟ್’ ಎಂಬ ಕ್ರಿಯಾಪದಕ್ಕೆ ಅಗ್ರಸ್ಥಾನವಿದ್ದಿತು. 1989ರ ಎರಡನೆಯ ಆವೃತ್ತಿಯಲ್ಲಿ ಅದಕ್ಕೆ 430 ಅರ್ಥಗಳು. ಬಳಿಕ ನಿಘಂಟನ್ನು ಮತ್ತೆ ಪರಿಷ್ಕರಿಸುವ ಕಾರ್ಯ ಕೈಗೊಂಡಾಗ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳಿರುವುದಾಗಿ 2011ರಲ್ಲಿ ತಿಳಿದುಬಂದಿತು. ಆ ಒಂದು ಶಬ್ದದ ಪ್ರಯೋಗಗಳನ್ನೆಲ್ಲ ಕಲೆಹಾಕಿ, ವಿಂಗಡಿಸಿ, ಕ್ರಮಪಡಿಸುವುದಕ್ಕೆ ಪೀಟರ್ ಗಿಲಿವರ್ ಎಂಬ ನಿಘಂಟುಕಾರರಿಗೆ ಸುಮಾರು ಒಂಬತ್ತು ತಿಂಗಳು ಹಿಡಿಯಿತಂತೆ. ತಾಯಿಯ ಗರ್ಭದಲ್ಲಿ ಒಂದು ಶಿಶು ರೂಪುಗೊಳ್ಳುವಷ್ಟು ಕಾಲ!

ಇಷ್ಟು ಅರ್ಥಗಳು ಎಲ್ಲಿಂದ ಬಂದುವು? ಮೂಲವನ್ನು ಹುಡುಕಿದರೆ ನಮಗೆ ಕಾಣುವುದು ಕಾಲಲ್ಲ, ನೀರು. ಪ್ರಾಚೀನ ಇಂಗ್ಲಿಷಿನ ‘ರಿನ್ನನ್’ ಎಂಬ ರೂಪಕ್ಕೆ ಓಡು ಎಂಬ ಅರ್ಥದೊಡನೆ ಹರಿ ಎಂಬ ಅರ್ಥವೂ ಇದ್ದಿತು. ಅದರ ಸೋದರಭಾಷೆಯಾದ ಜರ್ಮನಿನಲ್ಲಿ ಇಂದಿಗೂ ‘ರಿನ್ನೆನ್’ ಎಂದರೆ ನೀರು ಹರಿಯುವುದು, ‘ರೆನ್ನೆನ್’ ಎಂದರೆ ಓಡುವುದು. ಆದುದರಿಂದ ಇಂಗ್ಲಿಷರು ನೆಗಡಿಯಾದಾಗ ಮೂಗು ‘ರನ್’ ಆಗುತ್ತದೆ ಎಂದರೆ ನಾವು ನಗಬೇಕಾದುದಿಲ್ಲ. ಆ ಮೂಗು ಮುಖವನ್ನು ಬಿಟ್ಟು ಓಡಿಹೋಗಲಿಲ್ಲ. ನೀರಿನ ಹಳೆಯ ಸಂಬಂಧವನ್ನು ಅದು ನೆನಪಿನಲ್ಲಿಟ್ಟುಕೊಂಡಿದೆ, ಅಷ್ಟೆ. ಹೊಸ ಬಟ್ಟೆಯ ಬಣ್ಣ ಒಗೆತದಲ್ಲಿ ಬಿಟ್ಟರೂ ಅವರಿಗೆ ಅದು ‘ರನ್’. ಮೇಣದ ಬತ್ತಿ ಕರಗಿ ಇಳಿದರೂ ‘ರನ್’. ನಲ್ಲಿಯ ನೀರೂ ಅದೇ, ನದಿಯೂ ಅದೇ.

ನಮ್ಮ ಭಾಷೆಯಲ್ಲಿಯೂ ಇಂತಹುದೇ ಸಂಗತಿಯೊಂದು ಉಂಟೆಂಬುದನ್ನು ವಾಚಕರು ಗಮನಿಸಬೇಕು. ಹಳಗನ್ನಡದ ‘ಪರಿ’ ಎಂಬ ಧಾತುವಿಗೆ ಓಡು ಎಂದೂ ಅರ್ಥ, ಹರಿ ಎಂದೂ ಅರ್ಥ. ಆ ‘ಪರಿ’ಯೇ ಕಾಲಕ್ರಮದಲ್ಲಿ ನಮ್ಮ ‘ಹರಿ’ಯಾಯಿತು. ಈಗ ನೀರು ಹರಿಯುತ್ತದೆ, ಹಾವು ಹರಿಯುತ್ತದೆ, ಬೆಳಗಿನ ಜಾವ ಬೆಳಕು ಹರಿಯುತ್ತದೆ, ಮನಸ್ಸು ಎಲ್ಲೆಲ್ಲಿಗೋ ಹರಿಯುತ್ತದೆ, ಪುಣ್ಯವಿದ್ದರೆ ಸಾಲವೂ ಹರಿಯುತ್ತದೆ. ಸಾವಿರಾರು ಮೈಲಿ ದೂರದ, ಬೇರೆ ವಂಶದ ಎರಡು ಭಾಷೆಗಳು ನೀರಿನ ಚಲನೆಯನ್ನೂ ಕಾಲಿನ ಚಲನೆಯನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟುದು ಚೋದ್ಯವಲ್ಲವೆ?

ಮೂಲ ಹೀಗಿದ್ದರೂ ‘ರನ್’ ಶಬ್ದದ ಸಂಸಾರ ಇಷ್ಟು ಬೆಳೆಯುವುದಕ್ಕೆ ಎರಡು ಮುಖ್ಯ ಕಾರಣಗಳಿವೆ. ಮೊದಲನೆಯದು, ಆ ಭಾಷೆಯ ಮಿತವ್ಯಯ. ನಾವು ಕುದುರೆ ಓಡಿತು ಎನ್ನುತ್ತೇವೆ. ಮತ್ತೊಬ್ಬನು ಅದನ್ನು ಓಡುವಂತೆ ಮಾಡಿದರೆ ಓಡಿಸಿದನು ಎನ್ನುತ್ತೇವೆ. ‘ಇಸು’ ಎಂಬ ಪ್ರತ್ಯಯ ಸೇರಿದೊಡನೆ ಮಾಡುವವನು ಯಾರು, ಮಾಡಿಸುವವನು ಯಾರು ಎಂಬುದು ಸ್ಪಷ್ಟವಾಗುತ್ತದೆ. ಇಂಗ್ಲಿಷಿನ ಈ ಕ್ರಿಯಾಪದಕ್ಕೆ ಆ ಭೇದವಿಲ್ಲ. ಬಸ್ಸು ಓಡಿದರೂ ‘ರನ್’, ಬಸ್ಸಿನ ವ್ಯವಸ್ಥೆಯನ್ನು ನಡೆಸಿದರೂ ‘ರನ್’. ರೈಲು, ಗಿರಣಿ, ಕಾರ್ಖಾನೆಗಳು ಬಂದಾಗ ಅವು ತಿರುಗುವುದಕ್ಕೂ ಅವುಗಳನ್ನು ತಿರುಗಿಸುವುದಕ್ಕೂ ಈ ಶಬ್ದವೇ ಒದಗಿತು. ಈಚೆಗೆ ಗಣಕಯಂತ್ರದೊಳಗಿನ ಕೆಲಸಕ್ಕೂ ಅದನ್ನೇ ಕರೆದರು. ಹೊಸ ಯಂತ್ರ ಮನೆಗೆ ಬಂದಾಗಲೆಲ್ಲ ಹಳೆಯ ಆಳಿಗೇ ಹೊಸ ಕೆಲಸ.

ಎರಡನೆಯ ಕಾರಣ, ಅದರ ಹಿಂದೆ ಬರುವ ಪುಟ್ಟ ಸಂಗಡಿಗರು. ‘ರನ್ ಔಟ್’ ಎಂದರೆ ಡಬ್ಬಿಯ ಸಕ್ಕರೆ ಮುಗಿಯುವುದು. ‘ರನ್ ಇಂಟು’ ಎಂದರೆ ಪೇಟೆಯಲ್ಲಿ ಹಳೆಯ ಸ್ನೇಹಿತನೊಬ್ಬನು ಅಕಸ್ಮಾತ್ತಾಗಿ ಎದುರಾಗುವುದು. ಸಾಲದ ಮಾತು ಬಂದರೆ ಸಾಲಕ್ಕೆ ಸಿಕ್ಕಿಬೀಳುವುದು. ‘ರನ್ ಡೌನ್’ ಎಂದರೆ ಒಬ್ಬರನ್ನು ಹೀಯಾಳಿಸುವುದೂ ಆದೀತು, ಬ್ಯಾಟರಿಯ ಶಕ್ತಿ ಕುಂದುವುದೂ ಆದೀತು, ಗಾಡಿ ಒಬ್ಬನಿಗೆ ಬಡಿಯುವುದೂ ಆದೀತು. ಕ್ರಿಯಾಪದ ಒಂದೇ, ಜೊತೆಗಾರ ಬದಲಾದರೆ ಅರ್ಥ ಬದಲು, ಜೊತೆಗಾರನೂ ಒಬ್ಬನೇ ಆಗಿದ್ದಲ್ಲಿ ಸಂದರ್ಭ ಬದಲಾದರೆ ಅರ್ಥ ಬದಲು.

ಇದನ್ನು ನೋಡಿ ಇಂಗ್ಲಿಷು ಗೊಂದಲದ ಭಾಷೆಯೆಂದು ಹಳಿಯುವವರು ತಮ್ಮ ಮಾತನ್ನೇ ಒಮ್ಮೆ ಕಿವಿಗೊಟ್ಟು ಕೇಳಬೇಕು. ‘ಹೇಳು’ ಎಂಬುದನ್ನು ತೆಗೆದುಕೊಳ್ಳಿರಿ. ಹೇಳಿಬಿಟ್ಟನು ಎಂದರೆ ಗುಟ್ಟು ರಟ್ಟಾಯಿತು. ಹೇಳಿಕೊಟ್ಟನು ಎಂದರೆ ಕಲಿಸಿದನು. ಹೇಳಿಕೊಂಡನು ಎಂದರೆ ಕಷ್ಟಸುಖ ತೋಡಿಕೊಂಡನು. ಹೇಳಿನೋಡಿದನು ಎಂದರೆ ಬುದ್ಧಿವಾದ ಪ್ರಯತ್ನಿಸಿ ಸೋತನು. ಹೇಳಿಕಳಿಸಿದನು ಎಂದರೆ ಕರೆಯಿತ್ತನು. ಬಿಡು, ಕೊಡು, ಕೊಳ್ಳು, ನೋಡು, ಕಳಿಸು ಎಂಬ ಜೊತೆಗಾರರು ನಮ್ಮಲ್ಲಿ ಮಾಡುವ ಕೆಲಸವನ್ನೇ ಔಟ್, ಇಂಟು, ಡೌನ್ ಎಂಬವರು ಅಲ್ಲಿ ಮಾಡುತ್ತಾರೆ. ನಮಗೆ ಇದು ಗೊಂದಲವೆನಿಸದಿರುವುದಕ್ಕೆ ಕಾರಣ, ನಾವು ಈ ಮಾತುಗಳನ್ನು ಪಟ್ಟಿಯಿಂದ ಕಲಿಯಲಿಲ್ಲ. ತಾಯಿಯ ಮಡಿಲಲ್ಲಿ, ಜಗಲಿಯ ಮೇಲೆ, ಜಗಳದ ನಡುವೆ ಕಲಿತೆವು.

ಒಂದು ಶಬ್ದ ತನ್ನ ಮೂಲದ ಕ್ರಿಯೆಯನ್ನೇ ಬಿಟ್ಟು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಕ್ರಿಕೆಟ್ ಆಟವೇ ಸಾಕ್ಷಿ. ಅಲ್ಲಿ ‘ರನ್’ ಎಂದರೆ ಮೊದಲು ಆಟಗಾರರು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿ ಗಳಿಸಿದ ಅಂಕ. ಚೆಂಡು ಗಡಿಗೆರೆಯನ್ನು ದಾಟಿದರೆ ಓಡದೆಯೇ ನಾಲ್ಕು ‘ರನ್’ ಬರುತ್ತವೆ. ನಮ್ಮ ಕರ್ನಾಟಕದ ರಾಹುಲ್ ದ್ರಾವಿಡರು ಟೆಸ್ಟ್ ಪಂದ್ಯಗಳಲ್ಲಿ 13,288 ರನ್ ಗಳಿಸಿದರು. ಅಷ್ಟನ್ನೂ ಅವರು ಓಡಿಯೇ ಗಳಿಸಿದರೆಂದು ಯಾರೂ ತಿಳಿಯುವುದಿಲ್ಲ. ಚುನಾವಣೆಯ ವಿಷಯದಲ್ಲಂತೂ ಇಂಗ್ಲಿಷಿನವರಲ್ಲೇ ಒಮ್ಮತವಿಲ್ಲ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾನೆ. ಇಂಗ್ಲೆಂಡಿನ ಅಭ್ಯರ್ಥಿ ‘ಸ್ಟ್ಯಾಂಡ್’ ಮಾಡುತ್ತಾನೆ, ಎಂದರೆ ನಿಲ್ಲುತ್ತಾನೆ. ನಮ್ಮವರೂ ನಿಲ್ಲುವವರೇ. ನಿಂತವರು ಗೆದ್ದ ಮೇಲೆ ಎಲ್ಲಿಗೆ ಓಡಿದರೆಂದು ಮತದಾರರು ಹುಡುಕುವುದು ಬೇರೆಯ ಮಾತು.

ಅದಂತಿರಲಿ. ಈ ವಿಚಾರ ನನ್ನ ಪಾಲಿಗೆ ಪಂಡಿತರ ವಿನೋದವಾಗಿ ಮಾತ್ರ ಉಳಿಯದಿರುವುದಕ್ಕೆ ಒಂದು ಕಾರಣವುಂಟು. ನನ್ನ ಅಣ್ಣನವರು ಒಂದು ತಾಲ್ಲೂಕು ಕೇಂದ್ರದಲ್ಲಿ ಸಣ್ಣದೊಂದು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು. ಕೆಲವು ವರ್ಷಗಳ ಹಿಂದೆ ಅವರು ಹಠಾತ್ತಾಗಿ ತೀರಿಕೊಂಡರು. ಗಿರಣಿಯ ಮೇಲೆ ಸಾಲವಿತ್ತು. ಅತ್ತಿಗೆಗೆ ಆಗ ಐವತ್ತೆರಡು ವರ್ಷ; ಕನ್ನಡದಲ್ಲಿ ಓದುಬರಹ ಚೆನ್ನಾಗಿ ಬಲ್ಲರು, ಲೆಕ್ಕದಲ್ಲಿ ಗಟ್ಟಿಗರು, ಇಂಗ್ಲಿಷು ಮಾತ್ರ ಅಕ್ಷರ ಕೂಡಿಸಿ ಓದುವಷ್ಟು. ಅಣ್ಣನವರು ಜೀವವಿಮೆ ಮಾಡಿಸಿದ್ದ ಸಂಸ್ಥೆಯೊಂದರಿಂದ ಆಕೆಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿತು. ಇಂತಿಂತಹ ದಾಖಲೆಗಳನ್ನು ಮೂವತ್ತು ದಿನಗಳೊಳಗಾಗಿ ತಲಪಿಸಬೇಕು, ಆ ಅವಧಿಯು ಈ ಕಾಗದದ ತಾರೀಖಿನಿಂದ ‘ರನ್’ ಆಗತಕ್ಕದ್ದು, ತಪ್ಪಿದರೆ ಕೋರಿಕೆಯನ್ನು ಮುಕ್ತಾಯಗೊಳಿಸಲಾಗುವುದು ಎಂದು ಅದರ ಒಕ್ಕಣೆ. ಕಾಗದವು ಹಳೆಯ ವಿಳಾಸಕ್ಕೆ ಹೋಗಿ, ಅಲೆದಾಡಿ, ಆಕೆಯ ಕೈ ಸೇರುವ ಹೊತ್ತಿಗೆ ಹನ್ನೆರಡು ದಿನಗಳು ಕಳೆದಿದ್ದುವು.

ನೆರೆಮನೆಯ ಹುಡುಗನು ಶಬ್ದಶಃ ಅರ್ಥ ಹೇಳಿದನು: “ಮೂವತ್ತು ದಿನಗಳು ಈ ಕಾಗದದಿಂದ ಓಡುತ್ತವೆ.” ಹುಡುಗನ ತಪ್ಪೇನೂ ಇಲ್ಲ, ಶಾಲೆಯಲ್ಲಿ ಅವನಿಗೆ ಕಲಿಸಿದ್ದು ಅಷ್ಟೆ. ಬೀದಿಯ ಹಿರಿಯರೊಬ್ಬರು, ಕಾಗದ ಕೈಗೆ ಬಂದ ದಿನದಿಂದ ಮೂವತ್ತು ದಿನ ಎಣಿಸಿಕೊಳ್ಳಿ, ಅವಸರವೇನೂ ಇಲ್ಲವೆಂದು ಸಮಾಧಾನ ಹೇಳಿದರು. ಅತ್ತಿಗೆಗೆ ಎರಡೂ ಒಪ್ಪಿಗೆಯಾಗಲಿಲ್ಲ. ದಾಖಲೆಗಳಿಗಾಗಿ ಕಚೇರಿಗೂ ಮನೆಗೂ ತಿರುಗುತ್ತಲೇ ಒಂದು ವಾರ ಯೋಚಿಸಿ, ಕಡೆಗೆ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು.

“ನೋಡಪ್ಪ, ದಿನಗಳು ಓಡ್ತವೆ ಅನ್ನೋದು ನನಗೂ ಗೊತ್ತು. ನಿಮ್ಮಣ್ಣ ಹೋದ ಮೇಲೆ ನೋಡ್ತಾನೇ ಇದೀನಿ. ಎಲ್ಲಿಂದ ಓಡ್ತವೆ ಅನ್ನೋದು ತಾನೆ ನನಗೆ ಬೇಕಾಗಿರೋದು?” ಎಂದು ಕಾಗದವನ್ನು ಮುಂದಿಟ್ಟರು.

ಒಳ್ಳೆಯ ವಕೀಲನೂ ಇದಕ್ಕಿಂತ ಸರಿಯಾಗಿ ಪ್ರಶ್ನೆ ಕೇಳಲಾರನು. ಕಾನೂನಿನ ಭಾಷೆಯಲ್ಲಿ ಕಾಲವು ‘ರನ್’ ಆಗುವುದೆಂದರೆ ಗಡುವಿನ ಎಣಿಕೆ ಮೊದಲಾಗುವುದೆಂದು ಅರ್ಥ. ನಮ್ಮ ದೇಶದ 1963ರ ಲಿಮಿಟೇಷನ್ ಆಕ್ಟ್ ಎಂಬ ಕಾಲಮಿತಿಯ ಕಾನೂನಿನ ಅನುಸೂಚಿಯಲ್ಲಿ ಮೂರು ಅಂಕಣಗಳಿವೆ: ಯಾವ ವ್ಯಾಜ್ಯ, ಎಷ್ಟು ಅವಧಿ, ಆ ಅವಧಿ ಯಾವಾಗಿನಿಂದ ‘ರನ್’ ಆಗತೊಡಗುತ್ತದೆ. ಒಮ್ಮೆ ಹಾಗೆ ತೊಡಗಿದ ಮೇಲೆ ವಾದಿಗೆ ಅನಂತರ ಬಂದ ಅಶಕ್ತತೆಯು ಸಾಮಾನ್ಯವಾಗಿ ಅದನ್ನು ನಿಲ್ಲಿಸಲಾರದೆಂದು ಅದೇ ಕಾನೂನಿನ ಒಂಬತ್ತನೆಯ ಪ್ರಕರಣ ಹೇಳುತ್ತದೆ. ಕಾಯಿಲೆಗಾಗಲಿ, ಕಣ್ಣೀರಿಗಾಗಲಿ ಆ ಓಟ ನಿಲ್ಲದು. ವಿಮೆಯ ಕಾಗದಕ್ಕೂ ಆ ಕಾನೂನಿಗೂ ನೇರವಾದ ಸಂಬಂಧವಿಲ್ಲದಿದ್ದರೂ ಶಬ್ದದ ಬಳಕೆ ಒಂದೇ. ಅತ್ತಿಗೆಯವರ ಮೂವತ್ತು ದಿನಗಳು ಕಾಗದ ಕೈ ಸೇರಿದ ದಿನದಿಂದಲ್ಲ, ಅದನ್ನು ಬರೆದ ದಿನದಿಂದಲೇ ಹೊರಟಿದ್ದುವು. ಬೆರಳೆಣಿಸಿ ನೋಡಿದರೆ ಇಪ್ಪತ್ತಮೂರು ದಿನಗಳು ಆಗಿಹೋಗಿ ಏಳು ಉಳಿದಿದ್ದುವು.

ಆ ಏಳು ದಿನಗಳಲ್ಲಿ ಏನೇನಾಯಿತೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಮರಣಪತ್ರ ಕೈಯಲ್ಲಿತ್ತು. ವಂಶವೃಕ್ಷಕ್ಕಾಗಿ ನಾಡಕಚೇರಿಯ ಮೆಟ್ಟಿಲನ್ನು ಮತ್ತೆ ಹತ್ತಿದೆವು. ಮೂಲ ವಿಮಾಪತ್ರವು ಗಿರಣಿಯ ಮೇಜಿನ ಖಾನೆಯಲ್ಲಿ, ಹಿಟ್ಟು ಮೆತ್ತಿದ ಲೆಕ್ಕದ ಪುಸ್ತಕಗಳ ಅಡಿಯಲ್ಲಿ ದೊರೆಯಿತು. ಇಪ್ಪತ್ತೆಂಟನೆಯ ದಿನ ನಾನೇ ಹೋಗಿ ಆ ಸಂಸ್ಥೆಯ ಕಚೇರಿಯಲ್ಲಿ ಎಲ್ಲವನ್ನೂ ಒಪ್ಪಿಸಿ, ರಸೀತಿ ಪಡೆದುಬಂದೆನು. ಎರಡು ತಿಂಗಳ ತರುವಾಯ ಹಣ ಬಂದಿತು. ಗಿರಣಿಯ ಸಾಲ ಹರಿಯಿತು. ಬೀದಿಯ ಹಿರಿಯರ ಲೆಕ್ಕವನ್ನು ನಂಬಿ ಕುಳಿತಿದ್ದರೆ ಗಿರಣಿಯೇ ಕೈಬಿಟ್ಟುಹೋಗುತ್ತಿತ್ತು. ಮೂರಕ್ಷರದ ಒಂದು ಶಬ್ದಕ್ಕೆ ಒಂದು ಕುಟುಂಬದ ಅನ್ನದ ಮೇಲೆ ಇಷ್ಟು ಅಧಿಕಾರವಿರಬಹುದೆಂದು ನಾನು ಅಂದು ಕಣ್ಣಾರೆ ಕಂಡೆನು.

ಅದಾದ ಮೇಲೆ ಅತ್ತಿಗೆಯವರು ಒಂದು ನೋಟುಪುಸ್ತಕ ಹೊಲಿದುಕೊಂಡರು. ಶಾಲೆಯ ಹುಡುಗರಂತೆ ಎಡಗಡೆ ಇಂಗ್ಲಿಷು, ಬಲಗಡೆ ಕನ್ನಡ ಎಂದು ಒಂದೊಂದೇ ಶಬ್ದವನ್ನು ಬರೆಯಲಿಲ್ಲ. ತಮ್ಮ ಕಣ್ಣಿಗೆ ಬಿದ್ದ ಇಡಿಯ ವಾಕ್ಯವನ್ನು ಬರೆದು, ಅದು ಎಲ್ಲಿ ಸಿಕ್ಕಿತೆಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು: ಬ್ಯಾಂಕಿನ ಕಾಗದದಲ್ಲಿ, ಮೋಟಾರಿನ ಮೇಲಿನ ಚೀಟಿಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ. “ಮನುಷ್ಯರನ್ನ ಪರಿಚಯ ಮಾಡಿಕೊಳ್ಳೋವಾಗ ಯಾರ ಮನೆಯವರು ಅಂತ ಕೇಳಲ್ವೆ? ಮಾತಿಗೂ ಹಾಗೇ” ಎಂದು ಅವರ ಸಿದ್ಧಾಂತ. ನಿಘಂಟುಕಾರರು ಚೀಟಿಚೀಟಿಗಳಲ್ಲಿ ವಾಕ್ಯಗಳನ್ನು ಕೂಡಿಹಾಕಿ ಅರ್ಥವನ್ನು ನಿರ್ಣಯಿಸಿದುದೂ ಇದೇ ಮಾರ್ಗದಿಂದ. ಆಕ್ಸ್‌ಫರ್ಡಿನ ನಿಘಂಟಿಗಾಗಿ ಅಸಂಖ್ಯಾತ ಸ್ವಯಂಸೇವಕರು ಗ್ರಂಥಗಳನ್ನೋದಿ ಅಂತಹ ಚೀಟಿಗಳನ್ನು ಬರೆದು ಕಳುಹಿಸಿದರು. ಅವರ ಹೆಸರನ್ನು ಎಂದೂ ಕೇಳಿರದ ಹಿಟ್ಟಿನ ಗಿರಣಿಯ ಒಡತಿ ತನ್ನ ಅನುಭವದಿಂದಲೇ ಆ ಮಾರ್ಗವನ್ನು ಕಂಡುಕೊಂಡಳೆಂಬುದು ನನಗೆ ಹೆಮ್ಮೆಯ ಸಂಗತಿ.

ಆ ಪುಸ್ತಕದಲ್ಲಿ ‘ರನ್’ ಶಬ್ದಕ್ಕೆಂದೇ ಮೀಸಲಾದ ಪುಟವೊಂದಿತ್ತು. ಅದನ್ನು ತಿರುವಿಹಾಕುತ್ತಿದ್ದಾಗ ನನಗೆ ಒಂದು ವಿಶೇಷ ಹೊಳೆಯಿತು. ಅಂಗಡಿ, ಶಾಲೆ, ಗಿರಣಿ, ಸಂಸಾರ ಇವುಗಳನ್ನೆಲ್ಲ ಇಂಗ್ಲಿಷರು ‘ರನ್’ ಮಾಡುತ್ತಾರೆ. ನಾವು ಅವುಗಳನ್ನೆಲ್ಲ ನಡೆಸುತ್ತೇವೆ. ಅವರು ಓಡಿಸುವಲ್ಲಿ ನಾವು ನಡೆಸುವವರು! ನಮ್ಮ ‘ನಡೆ’ಯ ಸಂಸಾರವೂ ಸಣ್ಣದಲ್ಲ. ಮಗು ನಡೆಯುತ್ತದೆ, ಮದುವೆ ನಡೆಯುತ್ತದೆ, ವ್ಯಾಪಾರ ನಡೆಯುತ್ತದೆ, ಗಡಿಯಾರ ನಡೆಯುತ್ತದೆ, ಊರಿನಲ್ಲಿ ಹಿರಿಯರ ಮಾತು ನಡೆಯುತ್ತದೆ, ನೋಟು ಹರಿದಿದ್ದರೆ ಅಂಗಡಿಯಲ್ಲಿ ನಡೆಯುವುದಿಲ್ಲ. ಕೊಟ್ಟ ಮಾತನ್ನು ನಡೆಸಿಕೊಡಬೇಕು. ಅತಿಥಿಗಳನ್ನು ಚೆನ್ನಾಗಿ ನಡೆಸಿಕೊಳ್ಳಬೇಕು. ಆ ಧಾತುವಿನಿಂದಲೇ ನಡತೆ ಹುಟ್ಟಿತು, ನಡವಳಿಕೆ ಹುಟ್ಟಿತು. ಮನುಷ್ಯನ ಶೀಲವನ್ನು ಅವನ ಹೆಜ್ಜೆಯ ಹೆಸರಿನಿಂದ ಕರೆದ ಭಾಷೆ ನಮ್ಮದು.

ಇದನ್ನು ಮಾತಿನ ಚಮತ್ಕಾರವೆಂದು ತಳ್ಳಿಹಾಕಲಾಗದು. ಒಮ್ಮೆ ಯಾವುದೋ ಅರ್ಜಿಯನ್ನು ಭರ್ತಿ ಮಾಡುತ್ತಿದ್ದ ಗುಮಾಸ್ತರೊಬ್ಬರು, ‘ವೃತ್ತಿ’ ಎಂಬಲ್ಲಿ ಅತ್ತಿಗೆಯವರನ್ನು ಕೇಳದೆಯೇ ‘ಏನೂ ಇಲ್ಲ’ ಎಂದು ಬರೆಯಹೊರಟರು. ಆಕೆ ಅವರನ್ನು ತಡೆದು, “ಗಿರಣಿ ನಡೆಸೋದು, ಮನೆ ನಡೆಸೋದು, ಎರಡನ್ನೂ ಬರೀರಿ ಸ್ವಾಮಿ. ಇಂಗ್ಲಿಷಿನಲ್ಲೂ ಎರಡಕ್ಕೂ ಒಂದೇ ಮಾತು” ಎಂದರು. ಗುಮಾಸ್ತರು ಮುಗುಳ್ನಕ್ಕು ಗಿರಣಿಯೊಂದನ್ನೇ ಬರೆದರೆಂಬುದು ನಿಜ. ಆದರೆ ಮಾತಿನಲ್ಲಿ ಸತ್ಯವಿತ್ತು. ರಾಜ್ಯವನ್ನು ನಡೆಸುವವರಿಗೂ ರೈಲನ್ನು ನಡೆಸುವವರಿಗೂ ಸಲ್ಲುವ ಕ್ರಿಯಾಪದವು, ಬೆಳಗ್ಗೆ ಐದಕ್ಕೆದ್ದು ಎಂಟು ಜನರ ಹೊಟ್ಟೆ ಬಟ್ಟೆ ನೋಡುವವಳಿಗೂ ಈ ಎರಡು ಭಾಷೆಗಳಲ್ಲಿ ಸಲ್ಲುತ್ತದೆ. ಅರ್ಜಿಯ ನಮೂನೆಗಳು ಮರೆತುದನ್ನು ಭಾಷೆಗಳು ಮರೆತಿಲ್ಲ.

ಮನೆಯಲ್ಲಿ ಓದುವ ಮಕ್ಕಳಿರುವ ಗೃಹಸ್ಥರಿಗೆ ಈ ಎಲ್ಲದರಿಂದ ಒಂದು ಪ್ರಯೋಜನವುಂಟು. ಇಂಗ್ಲಿಷು ಚೆನ್ನಾಗಿ ಬರಬೇಕಾದರೆ ಮನೆಯಲ್ಲಿ ಕನ್ನಡವನ್ನು ಬಿಡಿಸಬೇಕೆಂದು ಕೆಲವರು ನಂಬಿದ್ದಾರೆ. ನನಗೆ ತೋರುವುದು ಇದಕ್ಕೆ ವಿರುದ್ಧವಾಗಿ. ತನ್ನ ಮಾತಿನಲ್ಲಿ ಒಂದು ಶಬ್ದ ಎಷ್ಟು ವೇಷ ಧರಿಸಬಲ್ಲುದೆಂಬುದನ್ನು ಕಂಡ ಮಗುವು ಪರಭಾಷೆಯ ಶಬ್ದ ವೇಷ ಬದಲಿಸಿದಾಗ ಬೆದರುವುದಿಲ್ಲ. “ಇಲ್ಲಿ ಇದರ ಜೊತೆಗಾರರು ಯಾರು?” ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸವೊಂದು ಬಂದರೆ 645 ಅರ್ಥಗಳನ್ನು ಬಾಯಿಪಾಠ ಮಾಡಬೇಕಾದ ಅಗತ್ಯವಿಲ್ಲ. ಆ ಅಭ್ಯಾಸವನ್ನು ಕಲಿಸುವುದಕ್ಕೆ ತಾಯ್ನುಡಿಗಿಂತ ಸುಲಭವಾದ ಶಾಲೆ ಬೇರೊಂದಿಲ್ಲ.

ಒಂದು ಸಂಜೆ ದೀಪ ಹಾಕಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ‘ಹಾಕು’ ಎಂಬ ಒಂದೇ ಶಬ್ದವನ್ನು ಕೊಟ್ಟುನೋಡಿರಿ. ಸಾರಿಗೆ ಉಪ್ಪು ಹಾಕುತ್ತೇವೆ, ಒಗ್ಗರಣೆ ಹಾಕುತ್ತೇವೆ. ಬಾಗಿಲು ಹಾಕುತ್ತೇವೆ, ಬೀಗ ಹಾಕುತ್ತೇವೆ. ಅಂಗಿ ಹಾಕುತ್ತೇವೆ, ರಂಗೋಲಿ ಹಾಕುತ್ತೇವೆ. ಲೆಕ್ಕ ಹಾಕುತ್ತೇವೆ, ರುಜು ಹಾಕುತ್ತೇವೆ. ಕಳ್ಳನು ಹೊಂಚು ಹಾಕುತ್ತಾನೆ. ಇವುಗಳಿಗೆ ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆಬೇರೆ ಕ್ರಿಯಾಪದಗಳನ್ನು ಹುಡುಕಬೇಕಾದೀತು. ಹತ್ತರವರೆಗೆ ಮಕ್ಕಳೇ ಹೇಳುತ್ತಾರೆ. ಅವರು ತಡವರಿಸಿ ನಿಂತಾಗ, ಕೊಟ್ಟಿಗೆಯ ಕಡೆಯಿಂದ ಬಂದ ಅಜ್ಜಿಯು, “ಹಸು ಕರು ಹಾಕಿತು ಕಣ್ರೋ, ಬನ್ನಿ” ಎಂದು ಹನ್ನೊಂದನೆಯದನ್ನು ಸೇರಿಸಿಯಾಳು.